ಓದುಗರ ಪ್ರಶ್ನೆ: ಹಿಂದಿನ ಲಾಟಿನ ದರ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಮೆಣಸಿನಕಾಯಿ ಲೆಕ್ಕ ಎಎಸ್/400 (ಐಬಿಎಂನ ಕಂಪ್ಯೂಟರ್) ಮೇಲೆ ಆರ್‌ಪಿಜಿ ಭಾಷೆಯ ಪ್ರೋಗ್ರಾಂನಲ್ಲಿದೆ. ಲಾಟ್ ನಂಬರ್ ಕೊಟ್ಟರೆ ಎಸ್‌ಕ್ಯುಎಲ್‌ನ ಸೆಲೆಕ್ಟ್ ಇಂಟು (ಒಂದು ಸಾಲು ಓದಿ ವೇರಿಯಬಲ್‌ಗಳಿಗೆ ತುಂಬುವ ಆಜ್ಞೆ) ತೂಕ, ದರ ತರಬೇಕು. ಕೆಲವೊಮ್ಮೆ ತೂಕ ಸರಿ, ದರ ಮಾತ್ರ ಹಿಂದಿನ ಲಾಟಿನದು. ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ. (ಬ್ಯಾಡಗಿ)

ಉತ್ತರ: ನಿಲ್ಲದಿರುವುದೇ ತಂಟೆ. ಸೊನ್ನೆಯಿಂದ ಭಾಗಿಸಿದರೆ ಆರ್‌ಪಿಜಿ ಅಲ್ಲೇ ಕೂಗಿ ನಿಲ್ಲುತ್ತದೆ. ಎಸ್‌ಕ್ಯುಎಲ್ ಎಡವಿದರೆ ಎಸ್‌ಕ್ಯುಎಲ್‌ಕೋಡ್ ಎಂಬ ವೇರಿಯಬಲ್‌ನಲ್ಲಿ ಒಂದು ಸಂಖ್ಯೆ ಬರೆದಿಟ್ಟು ತೆಪ್ಪಗೆ ಮುಂದಿನ ಸಾಲಿಗೆ ಹೋಗುತ್ತದೆ. ನಿಮ್ಮದು ಬಹುತೇಕ -305. ಟೆಂಡರ್ ಆಗದ ಲಾಟಿನ ದರ ನಲ್ (ಏನೂ ತುಂಬದ ಖಾಲಿ) ಇರುತ್ತದೆ, ಅದನ್ನು ಹಿಡಿಯಲು ನೀವು ಇಂಡಿಕೇಟರ್ (ನಲ್ ಬಂತೇ ಎಂದು ಹೇಳುವ ಸಣ್ಣ ವೇರಿಯಬಲ್) ಕೊಟ್ಟಿಲ್ಲ. ತೂಕ ತುಂಬಿತು, ದರದ ಹತ್ತಿರ ತಪ್ಪಾಯಿತು, ಅಲ್ಲಿಗೆ ಕೈಬಿಟ್ಟಿತು. ವೇರಿಯಬಲ್‌ನಲ್ಲಿ ಹಳೇದೇ ಉಳಿಯಿತು.

ಇಂಟ್(5) ಅಳತೆಯ ಒಂದು ಇಂಡಿಕೇಟರ್ ಮಾಡಿ, ದರದ ವೇರಿಯಬಲ್ ಪಕ್ಕದಲ್ಲೇ ಕೋಲನ್ ಹಾಕಿ ಬರೆಯಿರಿ. ನಡುವೆ ಅಲ್ಪವಿರಾಮ ಬೇಡ, ಹಾಕಿದರೆ ಅದು ಇನ್ನೊಂದು ಕಾಲಂ ಎಂದುಕೊಳ್ಳುತ್ತದೆ. ನಲ್ ಬಂದರೆ ಇಂಡಿಕೇಟರ್ -1 ಆಗುತ್ತದೆ, ಆದರೆ ದರದ ವೇರಿಯಬಲ್ ಆಗಲೂ ಅಳಿಯುವುದಿಲ್ಲ. ಆದ್ದರಿಂದ ಸೆಲೆಕ್ಟ್‌ಗೆ ಮೊದಲೇ ತೂಕ, ದರ ಎರಡನ್ನೂ ಕ್ಲಿಯರ್ ಮಾಡಿ. ನಲ್ ಬದಲು ಬೇರೆ ಮೌಲ್ಯ ಕೊಡುವ ಕೋಅಲೆಸ್ ಹಾಕಿ ಸೊನ್ನೆ ತರಿಸಬಹುದು, ಆದರೆ ದುಡ್ಡಿನ ಕಾಲಂಗೆ ನಾವು ಅದನ್ನು ಒಪ್ಪೆವು: ದರ ಗೊತ್ತಾಗದ ಲಾಟೂ ಸೊನ್ನೆ ರೂಪಾಯಿಯ ಲಾಟೂ ಒಂದೇ ಆಗಿಬಿಡುತ್ತವೆ.

ತೂಕವೂ ಹಳೇದೇ ಬಂದರೆ ಕೋಡ್ 100 ಇರುತ್ತದೆ, ಅಂದರೆ ಲಾಟೇ ಸಿಕ್ಕಿಲ್ಲ. -811 ಬಂದರೆ ಒಂದೇ ನಂಬರಿನ ಎರಡು ಸಾಲು ಇವೆ, ಮೊದಲು ಡೇಟಾ ತಿದ್ದಿ. ಯಾವುದೇ ಮೈನಸ್ ಕೋಡ್‌ಗೆ ತಕ್ಷಣದ ಸಾಲಿನಲ್ಲೇ, ತಪ್ಪಿನ ವಿವರ ಕೊಡುವ ಗೆಟ್ ಡಯಗ್ನೋಸ್ಟಿಕ್ಸ್ ಬರೆದು ಸಂದೇಶ ಹಿಡಿದಿಡಿ. ನಡುವೆ ಬೇರೆ ಎಸ್‌ಕ್ಯುಎಲ್ ಬಂದರೆ ಆ ಮಾಹಿತಿ ಹೋಗುತ್ತದೆ.

ಪ್ರಶ್ನೆ: ಸೆಲೆಕ್ಟ್ ನಡೆಯುತ್ತದೆ, ಅಪ್‌ಡೇಟ್ ಮಾತ್ರ ಎಸ್‌ಕ್ಯುಎಲ್‌ಕೋಡ್ -7008 ಕೊಡುತ್ತದೆ. (ಗದಗ)

ಉತ್ತರ: ಡಿಎಸ್‌ಪಿಜಾಬ್‌ಲಾಗ್ (ಸಂದೇಶಗಳ ದಾಖಲೆ ತೋರಿಸುವ ಕಮಾಂಡ್) ಕೊಟ್ಟು ಎಫ್10 ಒತ್ತಿ, ಸಂದೇಶದ ಮೇಲೆ ಎಫ್1 ಒತ್ತಿ ರೀಸನ್ ಕೋಡ್ ಓದಿ. 3 ಇದ್ದರೆ ಸಾಮಾನ್ಯವಾಗಿ ಆ ಫೈಲಿಗೆ ಜರ್ನಲ್ (ಬದಲಾವಣೆಗಳ ದಾಖಲೆ) ಇಲ್ಲ. ಪ್ರೋಗ್ರಾಂ ಕಂಪೈಲ್ ಮಾಡುವ ಸಿಆರ್‌ಟಿಎಸ್‌ಕ್ಯುಎಲ್‌ಆರ್‌ಪಿಜಿಐ ಕಮಾಂಡಿನಲ್ಲಿ ಕಮಿಟ್ (ಬದಲಾವಣೆಗಳನ್ನು ಒಟ್ಟಿಗೆ ಖಾಯಂ ಮಾಡುವ ಏರ್ಪಾಡು) ತಾನಾಗಿಯೇ *ಸಿಎಚ್‌ಜಿ ಇರುತ್ತದೆ, ಅದಕ್ಕೆ ಬರೆಯುವಾಗ ಜರ್ನಲ್ ಬೇಕು. ಸ್ಟಾಕ್, ಬಿಲ್ ಎರಡೂ ಒಟ್ಟಿಗೆ ಬದಲಾಗಬೇಕಿದ್ದರೆ ಎಸ್‌ಟಿಆರ್‌ಜೆಆರ್‌ಎನ್‌ಪಿಎಫ್‌ನಿಂದ ಜರ್ನಲ್ ಶುರುಮಾಡಿ. ಒಂದೇ ಫೈಲಿನ ಸಣ್ಣ ಕೆಲಸವಾದರೆ ಸೆಟ್ ಆಪ್ಷನ್‌ನಲ್ಲಿ ಕಮಿಟ್ *ನನ್ ಸಾಕು. ಸೋರ್ಸ್‌ನಲ್ಲಿ ಅದೇ ಮೊದಲ ಎಸ್‌ಕ್ಯುಎಲ್ ಸಾಲಾಗಿರಬೇಕು.

ಪ್ರಶ್ನೆ: ಮೊದಲ ಸಲ ಸರಿ, ಎರಡನೇ ಸಲ ಕರೆದರೆ -502. (ಹುಬ್ಬಳ್ಳಿ)

ಉತ್ತರ: ಹಿಂದಿನ ಸಲದ ಕರ್ಸರ್ (ಸಾಲುಗಳನ್ನು ಒಂದೊಂದಾಗಿ ಓದುವ ಎಸ್‌ಕ್ಯುಎಲ್ ಸಾಧನ) ತೆರೆದೇ ಇದೆ. ತಪ್ಪಾದಾಗ ಹೊರಬೀಳುವ ದಾರಿಯಲ್ಲಿ ಕ್ಲೋಸ್ ಇದೆಯೇ ನೋಡಿ. ಓಪನ್‌ಗೆ ಮೊದಲೂ ಒಂದು ಕ್ಲೋಸ್ ಇಡಿ. ಅಲ್ಲಿ -501 (ಕರ್ಸರ್ ತೆರೆದಿಲ್ಲ) ಬಂದರೆ ಬಿಟ್ಟುಬಿಡಿ.