ಗೆಳತಿಯ ಬಡ್ತಿ ಮತ್ತು ಎತ್ತಲಾಗದ ಫೋನ್

ಮಗುವಾದ ಮೇಲೆ ಬ್ಯಾಂಕಿನ ಕೆಲಸ ಬಿಟ್ಟಿರಿ, ಜೊತೆಗೇ ಸೇರಿದ್ದ ಗೆಳತಿ ಈಗ ಶಾಖೆಯ ಮ್ಯಾನೇಜರ್, ಅವರ ಫೋನ್ ಎತ್ತಲು ಮನಸ್ಸಾಗುತ್ತಿಲ್ಲ, ‘ನಾನು ಇಷ್ಟು ಕೆಟ್ಟವಳೇ?’ ಎಂದು ಕೇಳಿದ್ದೀರಿ. ಕೆಟ್ಟವರಲ್ಲ. ಆದರೆ ಅದು ಹೊಟ್ಟೆಕಿಚ್ಚೇ, ಬೇರೆ ಹೆಸರು ಇಡಲಾರೆ.

ನಾನೂ ನನ್ನ ಗೆಳತಿಯೂ ಒಂದೇ ಗುರುಗಳ ಬಳಿ ಹತ್ತು ವರ್ಷ ಸಂಗೀತ ಕಲಿತೆವು. ಮದುವೆಯಾದ ಮೇಲೆ ನನ್ನ ತಂಬೂರಿ ಹಳೆಯ ದುಪ್ಪಟಿ ಹೊದ್ದು ಅಟ್ಟ ಸೇರಿತು. ಅವಳಿಗೆ ಆಕಾಶವಾಣಿ ಕಲಾವಿದರಿಗೆ ಕೊಡುವ ‘ಬಿ ಹೈ’ ಶ್ರೇಣಿ ಸಿಕ್ಕಿತು. ಅವಳ ಕಛೇರಿಯಲ್ಲಿ ಮೊದಲ ಸಾಲಿನಲ್ಲೇ ಕುಳಿತು ನಾನು ಮಾಡಿದ್ದೇನು ಗೊತ್ತೇ? ಕಲ್ಯಾಣಿ ರಾಗದ ಆಲಾಪನೆಯಲ್ಲಿ ಎಲ್ಲಿ ಅಪಸ್ವರ ಬೀಳುತ್ತದೆ ಎಂದು ಕಾದದ್ದು. ಬಿದ್ದಿತು ಕೂಡ, ಒಂದೇ ಒಂದು. ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ನಗುನಗುತ್ತಲೇ ಅದನ್ನು ಹೇಳಿದೆ. ಅವಳು ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟು ಎದ್ದಳು.

ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಟೆಸ್ಸರ್ 1980ರಲ್ಲಿ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಪ್ರಯೋಗವೊಂದಿದೆ. ಪದ ಊಹಿಸುವ ಆಟವು ತಮ್ಮ ಸಾಮರ್ಥ್ಯದ ಅಳತೆಗೋಲು ಎಂದು ನಂಬಿದಾಗ ಜನ ಅಪರಿಚಿತರಿಗಿಂತ ಸ್ನೇಹಿತರಿಗೇ ಕಷ್ಟದ ಸುಳಿವು ಕೊಟ್ಟರು. ಬರೀ ಆಟ ಎಂದಾಗ ಸ್ನೇಹಿತರಿಗೇ ಹೆಚ್ಚು ನೆರವಾದರು. ಓದಿ ನಾಚಿಕೆಯಾಯಿತು. ಅವಳು ನೃತ್ಯದಲ್ಲಿ ಹೆಸರು ಮಾಡಿದ್ದರೆ ನಾನೇ ಊರಿಗೆಲ್ಲ ಸಾರಿಕೊಂಡು ಬರುತ್ತಿದ್ದೆ.

ಈಗ ಎಲ್ಲರೂ ನಿಮ್ಮನ್ನು ‘ಪುಟ್ಟಿಯ ಅಮ್ಮ’ ಎನ್ನುತ್ತಾರೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ನನ್ನ ಪ್ರಕಾರ ಬೇರು ಅಲ್ಲಿದೆ. ಫೋನ್ ಮಾಡಿ. ಅಭಿನಂದನೆಯ ಜೊತೆಗೇ ‘ನನಗೂ ಆ ಕೌಂಟರ್ ನೆನಪಾಗುತ್ತದೆ ಕಣೇ’ ಎಂದೂ ಹೇಳಿಬಿಡಿ. ನಾನು ತಂಬೂರಿಯನ್ನು ಅಟ್ಟದಿಂದ ಇಳಿಸಿದ್ದು ಆ ಊಟವಾಗಿ ಮೂರು ವರ್ಷಕ್ಕೆ. ಈಗ ನಾವಿಬ್ಬರೂ ಮಾತನಾಡುತ್ತೇವೆ, ಸಂಗೀತದ ವಿಷಯ ಒಂದನ್ನು ಬಿಟ್ಟು.