ಮಗುಚು ಅನ್ನೋ ಪದ ಎಲ್ಲಿಂದ ಬಂತು?

ದೋಸೆ ಮಗುಚೋದು, ದೋಣಿ ಮಗುಚೋದು, ಮೈಸೂರು ಪಾಕ್ ಮಾಡುವಾಗ ಕೈ ಬಿಡದೆ ಮಗುಚ್ತಾ ಇರೋದು, ಈ ಮೂರೂ ಒಂದೇ ಪದಾನಾ ಅಂತ ಕೇಳಿದೀರ. ಹೌದು, ಒಂದೇ.

ನಾನು ಮಂಡ್ಯ ಕಡೆಯವನು, ಈ ಪದ ಕೇಳ್ಕೊಂಡೇ ಬೆಳೆದೋನು. ಅಕ್ಕಿ ರೊಟ್ಟಿ ಹಂಚಿನ ಮೇಲಿದ್ರೆ "ಒಸಿ ಮಗುಚ್ಲಾ, ಸೀದೋಯ್ತದೆ" ಅಂತ ಅವ್ವ ಕೂಗೋರು, ಅಂಗಳದಲ್ಲಿ ರಾಗಿ ಒಣಗಾಕಿದ್ರೆ ಮಧ್ಯಾಹ್ನ ಒಂದ್ಸಲ ಕಾಲಾಡ್ಸಿ ಮಗುಚಾಕ್ಬೇಕಿತ್ತು. ರಾಗೀಲಿ ತಲೆಕೆಳಗು ಅನ್ನೋದು ಎಲ್ಲಿಂದ ಬಂತು ಹೇಳಿ? ಅಲ್ಲೇ ಗೊತ್ತಾಗುತ್ತೆ, ಮಗುಚು ಅಂದ್ರೆ ಮೂಲದಲ್ಲಿ ತಿರುಗಿಸು ಅಂತ ಅಷ್ಟೇ.

ಹಳಗನ್ನಡದಲ್ಲಿ ಮಗುೞ್ ಅಂತ ಒಂದು ಧಾತು ಇದೆ, ತಿರುಗು, ಹಿಂದಿರುಗು ಅಂತ ಅರ್ಥ, ಅದರಿಂದಲೇ ಆದ ಮಗುೞೆ ಅಂದ್ರೆ ಮತ್ತೆ. ಇದು ವಿಚಿತ್ರ ಅನ್ಸಿದ್ರೆ ನಾವು ಈಗ "ತಿರ್ಗ ಬಂದ", "ತಿರ್ಗ ಹೇಳು" ಅನ್ನೋದನ್ನ ನೆನಪು ಮಾಡ್ಕೊಳ್ಳಿ, ತಿರುಗು ಅನ್ನೋದೇ ಅಲ್ಲೂ ಮತ್ತೆ ಆಗಿದೆ, ಸಾವಿರ ವರ್ಷ ಆದ್ರೂ ಕನ್ನಡದವರು ಯೋಚನೆ ಮಾಡೋ ದಾರಿ ಬದಲಾಗಿಲ್ಲ ನೋಡಿ, ನನಗಂತೂ ಇದು ತುಂಬಾ ಖುಷಿ ಕೊಡೋ ವಿಷಯ. ಆ ಮಗುೞ್‌ಗೆ ಚು ಸೇರಿ ಮಗುೞ್ಚು, ಅಂದ್ರೆ ತಿರುಗಿಸು. ಆಮೇಲೆ ೞ ಅಕ್ಷರವೇ ಭಾಷೆಯಿಂದ ಹೋಯ್ತು, ಬಿೞ್ದು ಬಿದ್ದು ಆಯ್ತು, ಎೞ್ದು ಎದ್ದು ಆಯ್ತು, ಹಂಗೇ ಇದೂ ಮಗುಚು ಆಯ್ತು.

ಕವುಚು ಬೇರೆ ಪದ, ಎರಡನ್ನೂ ಕಲಸ್ಬೇಡಿ. ಕೋಳಿ ಮೇಲೆ ಮಂಕರಿ ಕವುಚಾಕ್ತೀವಿ, ಮಗುಚಾಕಲ್ಲ. ಮೋಡ ಕವಿದಿದೆ ಅಂತೀವಲ್ಲ, ಆ ಕವಿ ಮತ್ತೆ ಈ ಕವುಚು ಒಂದೇ ಬುಡದವು, ಮೇಲಿಂದ ಮುಚ್ಚೋದು ಅನ್ನೋ ಭಾವ. ತಮಿಳಲ್ಲೂ ಕವಿೞ್ ಅಂತ ಇದೆ, ಅವರು ದೋಣಿ ಮಗುಚಿದ್ರೂ ಅದನ್ನೇ ಅಂತಾರೆ. ಇದೇ ಥರದ ಅರ್ಥ ಇರೋ ಬೇರೆ ಪದಗಳಲ್ಲಿ ಬುಡಮೇಲು, ತಲೆಕೆಳಗು ಹೆಂಗಾದವು ಅಂತ ನೋಡಿದ್ರೇ ಗೊತ್ತಾಗುತ್ತೆ, ಉಲ್ಟಾ ಪಲ್ಟಿ ಎಲ್ಲ ಹಿಂದೂಸ್ತಾನಿ ಕಡೆಯಿಂದ ಬಂದವು.

ಇನ್ನೊಂದು, ಮುಗುಳ್ನಗೆಗೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿರೋದು ಮುಗುಳು, ಅಂದ್ರೆ ಮೊಗ್ಗು.