ಅಪ್ಪನ ಮೂತ್ರದಲ್ಲಿ ಕಂಡ ರಕ್ತ ತಾನಾಗಿಯೇ ನಿಂತಿದೆ, ಸ್ಕ್ಯಾನಿಂಗ್ ಕೂಡ ಸರಿಯಾಗಿದೆ: ಸಿಸ್ಟೋಸ್ಕೋಪಿ ಬೇಕೇ?

ಬೇಕು, ದಯವಿಟ್ಟು ಮುಂದೂಡಬೇಡಿ. ಸಿಸ್ಟೋಸ್ಕೋಪಿ ಎಂದರೆ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಮೂತ್ರದ್ವಾರದಿಂದ ಒಳಬಿಟ್ಟು ಮೂತ್ರಕೋಶವನ್ನು ನೇರವಾಗಿ ನೋಡುವ ಪರೀಕ್ಷೆ. ತಂದೆಗೆ 58 ವರ್ಷ, ಬಹುಕಾಲದ ಬೀಡಿ ಅಭ್ಯಾಸ, ಎರಡು ದಿನ ಮೂತ್ರ ಕೆಂಪಾಗಿ ಹೋಯಿತು, ನೋವಿರಲಿಲ್ಲ, ಎಳನೀರು ಕುಡಿದ ಮೇಲೆ ತಿಳಿಯಾಯಿತು, ಆದರೂ ವೈದ್ಯರು ಈ ಪರೀಕ್ಷೆಗೆ ಒತ್ತಾಯಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂತ್ರದ ಮಾದರಿಗಳನ್ನು ಸೂಕ್ಷ್ಮದರ್ಶಕದಡಿ ನೋಡುವ ತಂತ್ರಜ್ಞ. ಇಷ್ಟೂ ವಿವರಗಳಲ್ಲಿ ನನಗೆ ಆತಂಕ ತಂದದ್ದು ನೋವು ಇರಲಿಲ್ಲ ಎಂಬುದೇ.

ಕಲ್ಲು ಜಾರಿದರೆ ಪಕ್ಕೆಯಿಂದ ತೊಡೆಸಂದಿನವರೆಗೆ ನೋವು ಹಿಂಡುತ್ತದೆ. ಸೋಂಕಾದರೆ ಉರಿ, ಪದೇಪದೇ ಮೂತ್ರಕ್ಕೆ ಹೋಗುವ ಅವಸರ, ಕೆಲವೊಮ್ಮೆ ಜ್ವರ. ಮೂತ್ರಕೋಶದ ಗಡ್ಡೆ ಹಾಗಲ್ಲ. ಅದು ಸದ್ದಿಲ್ಲದೆ ರಕ್ತ ಸುರಿಸಿ, ತಾನಾಗಿಯೇ ನಿಂತು, ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಕಾಣಿಸಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ‘ಉಷ್ಣವಾಗಿದೆ’ ಎಂದು ಎಳನೀರು, ಬಾರ್ಲಿ ನೀರು ಕೊಡುತ್ತಾರೆ. ಅಷ್ಟರಲ್ಲಿ ರಕ್ತ ನಿಂತಿರುತ್ತದೆ, ಗುಣವಾಯಿತೆಂದು ಎಲ್ಲರೂ ನಂಬುತ್ತಾರೆ. ಬೀಡಿ ಹೊಗೆಯ ವಿಷಗಳು ರಕ್ತದಿಂದ ಸೋಸಿ ಮೂತ್ರಕ್ಕೆ ಇಳಿದು, ಗಂಟೆಗಟ್ಟಲೆ ಮೂತ್ರಕೋಶದ ಒಳಪದರಕ್ಕೆ ತಾಗಿಕೊಂಡೇ ಇರುತ್ತವೆ. ವೈದ್ಯರು ಒತ್ತಾಯಿಸುತ್ತಿರುವುದು ಇದಕ್ಕಾಗಿಯೇ.

ಹಾಗೆಂದು ಇದು ಕ್ಯಾನ್ಸರೇ ಎಂದುಕೊಂಡು ನಿದ್ದೆಗೆಡಬೇಡಿ. ಈ ವಯಸ್ಸಿನಲ್ಲಿ ದಪ್ಪಗಾದ ಪ್ರಾಸ್ಟೇಟ್ ಗ್ರಂಥಿಯಿಂದಲೂ ರಕ್ತ ಬರುತ್ತದೆ. ನೋವು ಕೊಡದ ಕಲ್ಲು, ಮೂತ್ರನಾಳಗಳ ಕ್ಷಯವೂ ಕಾರಣವಾಗಬಹುದು. ಆದರೆ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಇವುಗಳಲ್ಲಿ ಒಂದನ್ನು ಊಹಿಸಿ ಸುಮ್ಮನಾಗುವುದು ತಪ್ಪು.

ನೀವು ಕೇಳಿದ ಪಟ್ಟಿ ಪರೀಕ್ಷೆಯ ವಿಷಯ. ಮೂತ್ರದಲ್ಲಿ ಅದ್ದುವ ಆ ಪಟ್ಟಿ ಕೆಂಪು ರಕ್ತಕಣಗಳನ್ನು ಎಣಿಸುವುದಿಲ್ಲ, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಂಶಕ್ಕೆ ಬಣ್ಣ ಬದಲಿಸುತ್ತದೆ. ಸ್ನಾಯು ಜಜ್ಜಿಹೋದಾಗ ಇಳಿಯುವ ಮಯೋಗ್ಲೋಬಿನ್ ಕೂಡ ಅದನ್ನು ‘ಪಾಸಿಟಿವ್’ ಮಾಡುತ್ತದೆ. ಅದಕ್ಕೇ ಸೂಕ್ಷ್ಮದರ್ಶಕ ಬೇಕು: ಹೈ ಪವರ್ ಫೀಲ್ಡ್ (ಹೆಚ್ಚು ದೊಡ್ಡದಾಗಿಸಿ ನೋಡಿದಾಗ ಒಮ್ಮೆಗೆ ಕಾಣುವ ವೃತ್ತ) ಒಂದರಲ್ಲಿ 3 ಅಥವಾ ಹೆಚ್ಚು ಕೆಂಪುಕಣಗಳು ಕಂಡರೆ ರಕ್ತವಿದೆ ಎನ್ನುತ್ತೇವೆ. ಕಣಗಳ ಆಕಾರವೂ ಮಾತನಾಡುತ್ತದೆ. ಅವು ವಿಕಾರವಾಗಿದ್ದು, ಮೂತ್ರಪಿಂಡದ ನಳಿಕೆಗಳಲ್ಲಿ ಅಚ್ಚಾಗಿ ಬರುವ ಕೊಳವೆಯಾಕಾರದ ಕಾಸ್ಟ್‌ಗಳೂ ಪ್ರೋಟೀನೂ ಜೊತೆಗಿದ್ದರೆ ತೊಂದರೆ ಮೂತ್ರಪಿಂಡದ ಸೋಸುವ ಭಾಗದಲ್ಲಿದೆ ಎಂದು ಅನುಮಾನಿಸಬೇಕು. ಆಗ ನೆಫ್ರಾಲಜಿಸ್ಟ್ (ಮೂತ್ರಪಿಂಡ ತಜ್ಞ) ಅವರನ್ನು ಕಾಣಬೇಕಾಗುತ್ತದೆ. ಆರಂಭದ ಧಾರೆ ಬಿಟ್ಟು ಮಧ್ಯದ ಮೂತ್ರ ಹಿಡಿದು, ಒಂದೆರಡು ಗಂಟೆಯೊಳಗೆ ತಲುಪಿಸಿ. ತಡವಾದರೆ ಕಣಗಳು ಒಡೆದುಹೋಗುತ್ತವೆ. ಬೀಟ್‌ರೂಟ್ ತಿಂದರೂ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ನುಂಗಿದರೂ ಮೂತ್ರದ ಬಣ್ಣ ಬದಲಾಗುತ್ತದೆ, ಅಲ್ಲಿ ರಕ್ತ ಇರುವುದಿಲ್ಲ. ನಿಮ್ಮ ತಂದೆಗೆ ಮೊದಲ ದಿನದ ಮಾದರಿಯಲ್ಲೇ ಕಣಗಳು ತುಂಬಿದ್ದವು ಎಂದಿದ್ದೀರಿ. ಹಾಗಿದ್ದ ಮೇಲೆ ಈಗಿನ ಶುಭ್ರ ವರದಿ ಏನನ್ನೂ ಅಳಿಸುವುದಿಲ್ಲ.

ಅಲ್ಟ್ರಾಸೌಂಡ್ ಮೂತ್ರಪಿಂಡದ ಕಲ್ಲು, ಊತಗಳನ್ನು ತೋರಿಸುತ್ತದೆ. ಮೂತ್ರಕೋಶದ ಸಣ್ಣ ಗಡ್ಡೆಗಳನ್ನೂ, ಒಳಪದರದಲ್ಲಿ ಚಪ್ಪಟೆಯಾಗಿ ಹಬ್ಬುವ ಕ್ಯಾನ್ಸರನ್ನೂ ಅದು ಗುರುತಿಸದೆ ಬಿಡಬಹುದು. ಮೂತ್ರಕೋಶ ತುಂಬಿಸಿಕೊಂಡು ಸ್ಕ್ಯಾನಿಂಗ್‌ಗೆ ಹೋಗದಿದ್ದರಂತೂ ಮಡಿಸಿಟ್ಟ ಚೀಲದೊಳಗೆ ಇಣುಕಿದಂತೆ. ಮೂತ್ರದ ಸೈಟಾಲಜಿ (ಮೂತ್ರದಲ್ಲಿ ಉದುರಿದ ಜೀವಕೋಶಗಳಲ್ಲಿ ಕ್ಯಾನ್ಸರ್ ಹುಡುಕುವ ಪರೀಕ್ಷೆ) ಉಗ್ರ ಸ್ವರೂಪದ ಗಡ್ಡೆಗಳನ್ನು ಹಿಡಿಯುವಷ್ಟು ಚೆನ್ನಾಗಿ ಸೌಮ್ಯವಾದವುಗಳನ್ನು ಹಿಡಿಯುವುದಿಲ್ಲ. ಮೂತ್ರಪಿಂಡ ಮತ್ತು ಮೇಲಿನ ನಾಳಗಳನ್ನು ನೋಡಲು ಸಿಟಿ ಯುರೋಗ್ರಾಮ್ (ಚಿತ್ರ ಸ್ಪಷ್ಟವಾಗಲು ಔಷಧ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್) ಹೇಳಿದರೆ, ಆ ಔಷಧ ಚುಚ್ಚುವ ಮೊದಲು ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.

ತಂದೆ ಹೆದರಿರುವುದು ಕೊಳವೆಗೆ. ಬಾಗುವ ಸಿಸ್ಟೋಸ್ಕೋಪ್ ಇರುವಲ್ಲಿ ಮರಗಟ್ಟಿಸುವ ಜೆಲ್ ಹಾಕಿ, ಕೆಲವೇ ನಿಮಿಷಗಳಲ್ಲಿ ನೋಡಿ ಮುಗಿಸುತ್ತಾರೆ. ಬಾಗದ ಉಪಕರಣವಾದರೆ ಅರಿವಳಿಕೆ ಕೊಡಬಹುದು. ಆಮೇಲೆ ಒಂದೆರಡು ದಿನ ಉರಿ ಇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಆದರೆ ‘ಮಾತ್ರೆಯಿಂದಲೇ ರಕ್ತ ಬಂತು’ ಎಂದು ಪರೀಕ್ಷೆ ಬಿಡಬೇಡಿ, ಆ ಮಾತ್ರೆಯವರಿಗೂ ಇದೇ ತಪಾಸಣೆ ಬೇಕು. ಈ ನಡುವೆ ಹೆಪ್ಪುಗಟ್ಟಿದ ರಕ್ತ ಬಂದು ಮೂತ್ರ ಕಟ್ಟಿಕೊಂಡರೆ, ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಆಗಲೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.